ಶಾರ್ಟ್ಲಿ ಅಂದರೆ ಯಾವಾಗ

ನನಗೆ ಬೀಳ್ಕೊಡುಗೆ ಕೊಟ್ಟ ಮಾರನೆಯ ದಿನ ನಾನು ಎಂದಿನಂತೆ ಬ್ಯಾಂಕಿಗೆ ಹೋದೆ. ಬಾಗಿಲಲ್ಲಿದ್ದ ಸೆಕ್ಯುರಿಟಿಯವರು ಸಲ್ಯೂಟಿಗೆಂದು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ಮೇಡಂ ಪೋಯಿಲ್ಲೇ?" ಎಂದರು. ಹೋಗಲಿಲ್ಲವೇ ಎಂದು. ಹಿಂದಿನ ದಿನ ಮಧ್ಯಾಹ್ನ ಇದೇ ಮನುಷ್ಯ ನನಗಾಗಿ ಬಾಳೆಲೆ ಹಾಸಿದ್ದರು, ಬೇಡವೆಂದರೂ ಪಾಯಸ ಎರಡನೇ ಸಲ ಬಡಿಸಿದ್ದರು, ಮೈಸೂರಿಗೆ ಬಂದರೆ ಅರಮನೆ ತೋರಿಸಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಬದಲಿಗೆ ಬರಬೇಕಾದವರು ಇನ್ನೂ ಬಂದಿಲ್ಲ, ಶಾರ್ಟ್ಲಿ ಬರುತ್ತಾರಂತೆ ಎಂದು ನನಗೆ ಬಂದಷ್ಟು ಮಲಯಾಳದಲ್ಲಿ ಹೇಳಿ ಒಳಗೆ ಹೋದೆ. ಆಗಿನ್ನೂ ಆ ಪದವನ್ನು ನಾನು ನಂಬಿಕೊಂಡಿದ್ದೆ.

ಬ್ಯಾಂಕಿನ ಹೊರಗಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ವರ್ಗಾವಣೆಯ ಆರ್ಡರ್ ಕೈಗೆ ಬಂದರೆ ವರ್ಗವಾಯಿತೆಂದು ಅರ್ಥವಲ್ಲ. ನಮ್ಮ ಕುರ್ಚಿಗೆ ಇನ್ನೊಬ್ಬರು ಬಂದು ಕೂರಬೇಕು, ನಮ್ಮ ಕೆಲಸವನ್ನೂ ಕೀಲಿಕೈಯನ್ನೂ ವಹಿಸಿಕೊಳ್ಳಬೇಕು. ಅವರನ್ನು ನಾವು ರಿಲೀವರ್ ಎನ್ನುತ್ತೇವೆ. ಅವರು ಬಂದ ಮೇಲೆಯೇ ನಮಗೆ ಬಿಡುಗಡೆ. ಕೊಚ್ಚಿ ಬಂದರಿನ ಹತ್ತಿರ ವಲ್ಲಾರ್ಪಾಡಂ ಕಡೆಗಿನ ನಮ್ಮ ಶಾಖೆ ಸಣ್ಣದು, ಸ್ಟ್ರಾಂಗ್ ರೂಮಿನ ಜೋಡಿ ಕೀಲಿಯಲ್ಲಿ ಒಂದು ನನ್ನ ಬಳಿ ಇತ್ತು. ನನ್ನ ಆರ್ಡರಿನಲ್ಲಿ ಸ್ವಂತ ಕೋರಿಕೆಯ ಮೇರೆಗೆ ಕೊಚ್ಚಿಯಿಂದ ಮೈಸೂರಿಗೆ ಎಂದಿತ್ತು, ಕೊನೆಯ ಸಾಲಿನಲ್ಲಿ, ಯಾರೆಂದು ಹೆಸರಿಸದೆ, ರಿಲೀವರ್ ಶಾರ್ಟ್ಲಿ ಹಾಜರಾಗುತ್ತಾರೆ ಎಂದೂ ಇತ್ತು. ನಮ್ಮ ಮ್ಯಾನೇಜರ್ ದೀರ್ಘ ರಜೆಯ ಮೇಲೆ ಹೊರಟಿದ್ದರು. ತಾವಿಲ್ಲದೆ ನನ್ನ ಬೀಳ್ಕೊಡುಗೆ ನಡೆಯಬಾರದೆಂಬ ಪ್ರೀತಿ ಅವರಿಗೆ. "ಶಾರ್ಟ್ಲಿ ಅಲ್ಲವೇ, ಈಗಲೇ ಮುಗಿಸಿಬಿಡೋಣ" ಎಂದರು. ಮುಗಿಸಿಯೇಬಿಟ್ಟರು. ಶಾಲು ಹೊದಿಸಿದರು, ಭಾಷಣಗಳಾದವು, ಹಿತ್ತಾಳೆಯ ದೀಪವೊಂದನ್ನು ಕೊಟ್ಟರು. ಅದರ ಬುಡದಲ್ಲಿ ನಾನು ಆ ಶಾಖೆಯಲ್ಲಿದ್ದ ಅವಧಿಯನ್ನು ಕೆತ್ತಿಸಿದ್ದರು. ಆ ಪ್ರಕಾರ ನಾನು ಮೇ ತಿಂಗಳ ಕೊನೆಗೇ ಅಲ್ಲಿಂದ ಹೋಗಿದ್ದೇನೆ.

ಮನೆಯವರೂ ಆ ಸಾಲನ್ನು ಹಾಗೇ ನಂಬಿದರು. ನನ್ನ ಗಂಡನದು ಎಲ್ಲಿ ಕೂತಾದರೂ ಮಾಡಬಹುದಾದ ಕಂಪ್ಯೂಟರ್ ಕೆಲಸ. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲೇ ಅವರು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ ನಾಲ್ಕನೇ ತರಗತಿಗೆ ಸೇರಿಸಿದರು. ತ್ರಿಪ್ಪುಣಿತ್ತುರದ ಬಾಡಿಗೆ ಫ್ಲಾಟನ್ನು ಬಿಟ್ಟುಕೊಟ್ಟೆವು. ಸಾಮಾನೆಲ್ಲ ಲಾರಿ ಹತ್ತಿತು. ಹೇಗೂ ಕೆಲವೇ ದಿನ ಅಂದುಕೊಂಡು ನಾನು ಅಲ್ಲೇ ಹತ್ತಿರದ ಮಹಿಳಾ ಹಾಸ್ಟೆಲಿನಲ್ಲಿ ಒಂದು ಮಂಚ ಹಿಡಿದೆ. ಪಕ್ಕದ ಮಂಚದ ಹುಡುಗಿ ನರ್ಸಿಂಗ್ ಓದುತ್ತಿದ್ದಳು, ನನ್ನನ್ನು ಆಂಟಿ ಎಂದು ಕರೆದು ನನ್ನ ಹೊಟ್ಟೆ ಉರಿಸುತ್ತಿದ್ದಳು.

ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಶಾರ್ಟ್ಲಿ ಎಂಬ ಈ ಪದಕ್ಕೆ 'ಸ್ವಲ್ಪ ಹೊತ್ತಿನಲ್ಲಿ' ಎಂದು ಅರ್ಥ ಬರೆಸಿದ್ದರು. ನಿಘಂಟೂ ಅದನ್ನೇ ಹೇಳುತ್ತದೆ. ಮೊಟಕಾಗಿ, ಸಿಡುಕಿನಿಂದ ಎಂಬ ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ. ಆ ಮಳೆಗಾಲದಲ್ಲಿ ನಾನು ಗಂಡನೊಡನೆ ಮಾತಾಡುತ್ತಿದ್ದುದು ಆ ಎರಡನೇ ಅರ್ಥದಲ್ಲಿ. ಆದರೆ ಬಳಕೆಯನ್ನು ನಿಘಂಟು ನೋಡಿ ತಿಳಿಯಲಾಗುವುದಿಲ್ಲ, ಕಾದು ತಿಳಿಯಬೇಕು. ನಿಜವಾಗಿ ಬೇಗ ಆಗುವ ಯಾವುದಕ್ಕೂ ಜನ ಶಾರ್ಟ್ಲಿ ಎನ್ನುವುದಿಲ್ಲ. ಒಲೆಯ ಮೇಲಿಂದ ಅನ್ನ ಇಳಿಸುತ್ತಿರುವವಳು "ಇಗೋ ಆಯ್ತು, ತಟ್ಟೆ ಹಾಕ್ಕೊಳ್ಳಿ" ಎನ್ನುತ್ತಾಳೆ. ಇಲ್ಲಿಯ ಆಟೋದವರು "ಇಪ್ಪೋ ವರಾಂ" ಎಂದರೆ, ಈಗ ಬಂದೆ ಎಂದು, ತಿರುವಿನಲ್ಲಿ ಆಟೋದ ಮೂತಿ ಕಾಣುತ್ತದೆ. ಶಾರ್ಟ್ಲಿ ಎನ್ನುವವರು ಬೇರೆ. ತಡವಾದ ರೈಲಿನ ಬಗ್ಗೆ ಸ್ಟೇಷನ್ನಿನ ಮೈಕು ಹೇಳುತ್ತದೆ, ಫೋನು ಹಿಡಿದು ಕಾಯುವಾಗ ಸಂಗೀತದ ನಡುವೆ ಹೆಣ್ಣು ದನಿಯೊಂದು ಹೇಳುತ್ತದೆ, ಶಟರ್ ಎಳೆದ ಅಂಗಡಿಯ ಮೇಲಿನ ಬಣ್ಣ ಮಾಸಿದ ಬ್ಯಾನರ್ ಹೇಳುತ್ತದೆ. ಯಾವಾಗ ಎಂದು ತಿರುಗಿ ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ನಮ್ಮ ಮೇಲಿನ ಕಚೇರಿ ಇದ್ದುದು ತಿರುವನಂತಪುರದಲ್ಲಿ. ಪ್ರತಿ ಸೋಮವಾರ ಅಲ್ಲಿಗೆ ಫೋನ್ ಮಾಡುತ್ತಿದ್ದೆ. ಎತ್ತಿದವರು ಯಾರೇ ಆಗಲಿ, "ಶಾರ್ಟ್ಲಿ ಮೇಡಂ, ಶಾರ್ಟ್ಲಿ" ಎಂದು ಮೂಗಿಗೆ ತುಪ್ಪ ಸವರಿ ಫೋನ್ ಇಡುತ್ತಿದ್ದರು. ಜೂನ್ ಹೋಯಿತು, ಜುಲೈ ಹೋಯಿತು, ಓಣಂ ಬಂತು. ಹೂವಿನ ರಂಗೋಲಿಯ ಮುಂದೆ ಶಾಖೆಯ ಗ್ರೂಪ್ ಫೋಟೋ ತೆಗೆಯುವಾಗ ನಾನು ಒಳಗೆ ನಿಲ್ಲಬೇಕೋ ಹೊರಗೋ ಎಂದು ಯಾರಿಗೂ ತಿಳಿಯಲಿಲ್ಲ. ನನ್ನ ಮೇಲಿನ ಪ್ರೀತಿಯನ್ನೆಲ್ಲ ಸಹೋದ್ಯೋಗಿಗಳು ಭಾಷಣದಲ್ಲೇ ಖರ್ಚು ಮಾಡಿಬಿಟ್ಟಿದ್ದರು. ನೀವಿಲ್ಲದೆ ಹೇಗಿರಲಿ ಎಂದು ಮೈಕಿನಲ್ಲಿ ಕಣ್ಣೀರಿಟ್ಟವಳ ವೋಚರನ್ನು ಮಾರನೆಯ ದಿನವೇ ತಪ್ಪಿದೆಯೆಂದು ವಾಪಸ್ ಕಳಿಸಿದ್ದೆ. ಅಲ್ಲಿಂದ ಮುಂದೆ ಅವಳು ನನ್ನ ಮುಖ ನೋಡುವಾಗಲೆಲ್ಲ ಮೋಸ ಹೋದವಳಂತೆ ನೋಡುತ್ತಿದ್ದಳು. ಕಂಟೇನರ್ ಲಾರಿಗಳ ಮಾಲೀಕರು ಕೌಂಟರಿಗೆ ಬಂದರೆ ಮೊದಲ ಪ್ರಶ್ನೆಯೇ "ಮೇಡಂ ಪೋಯಿಲ್ಲೇ?" ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ "ಇಲ್ಲ, ಹೋಗಿಲ್ಲ" ಎಂದುಬಿಡುತ್ತಿದ್ದೆ.

"ರಜಾ ಹಾಕಿ ಬಾರೇ, ಮುಂದಿನದು ಆಮೇಲೆ ನೋಡ್ಕೊಳ್ಳೋಣ" ಎಂದು ಗಂಡ ಹೇಳುತ್ತಿದ್ದರು. ಕೀಲಿ ಹಿಡಿಯಲು ಜನವಿಲ್ಲದ ಕಡೆ ರಜೆ ಎಲ್ಲಿಂದ ಬರಬೇಕು? ಎರಡು ದಿನ ಒಟ್ಟಿಗೆ ಸಿಕ್ಕರೆ ಓಡಿಹೋಗಿ ಮಗಳ ಮುಖ ನೋಡಿ ಓಡಿಬರುತ್ತಿದ್ದೆ. ಆ ದಿನಗಳಲ್ಲಿ ನನಗೆ ಬೇಕಾಗಿದ್ದುದು ಒಂದೇ, ಸಂಜೆಯ ಹೊತ್ತು ಅವಳ ಪಕ್ಕದಲ್ಲಿರುವುದು. ಕೊಚ್ಚಿಯಲ್ಲಿ ಬೆಳೆದ ಮಗು. ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಲಯಾಳ. ಹೊಸ ಶಾಲೆಯಲ್ಲಿ ಕನ್ನಡ ಪಾಠವನ್ನು ಎದ್ದು ನಿಂತು ಓದಬೇಕಾಗಿ ಬಂದಾಗ ಹುಡುಗರು ನಗುತ್ತಿದ್ದರಂತೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರದ ಮೇಲೆ ಬೆರಳಿಟ್ಟು ಓದಿಸುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾಡುತ್ತಿದ್ದೆ. ಸಿಗ್ನಲ್ ಹೋದಾಗಲೆಲ್ಲ ಪಾಠವೂ ಹೋಗುತ್ತಿತ್ತು. ಜೈಲಿನಲ್ಲಿದ್ದವರಿಗೆ ಇಂತಿಷ್ಟು ವರ್ಷ ಎಂದಾದರೂ ಗೊತ್ತಿರುತ್ತದಲ್ಲ ಎಂದು ಅನ್ನಿಸಿದ ದಿನಗಳೂ ಇದ್ದವು. ಈಗ ನೆನೆದರೆ ಅತಿಯಾಯಿತು ಅನ್ನಿಸುತ್ತದೆ, ಆಗ ಅತಿ ಅನ್ನಿಸಿರಲಿಲ್ಲ.

ಅಕ್ಟೋಬರಿನಲ್ಲಿ ಹಲ್ಲು ಕಚ್ಚಿಕೊಂಡು ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ಕೀಲಿಯನ್ನು ಪಕ್ಕದ ಶಾಖೆಯವರೊಬ್ಬರಿಗೆ ವಹಿಸಿ, ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆ. ವಾರಕ್ಕೊಮ್ಮೆ ಅಲ್ಲಿಯ ವರ್ಗಾವಣೆ ವಿಭಾಗದ ಅಧಿಕಾರಿ ಸಿಬ್ಬಂದಿಯ ಅಹವಾಲು ಕೇಳುತ್ತಿದ್ದರು. ಅವರ ಕೋಣೆಯ ಹೊರಗೆ ಬೆಂಚು ಹಾಕಿದ್ದರು. ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ಕಾಯುತ್ತಾ ಊಟದ ಹೊತ್ತಾಯಿತು. ಅವರು ತಮ್ಮ ಡಬ್ಬಿ ತೆರೆದು, "ಕೊಚ್ಚಿಯಿಂದ ಬಂದವರು ಎಲ್ಲಿ ತಿಂದಿರ್ತೀರಿ ಚೇಚಿ" ಎಂದು ಮಲಯಾಳದಲ್ಲಿ, ಅಕ್ಕಾ ಎಂದು ಕರೆದು, ಉಪಚಾರ ಮಾಡಿ, ಮುಚ್ಚಳದಲ್ಲಿ ಅರ್ಧ ಅನ್ನ, ಹುರುಳಿಕಾಯಿ ಪಲ್ಯ ಹಾಕಿಕೊಟ್ಟರು.

ಅವರು ತಿರುವನಂತಪುರದ ಪಕ್ಕದ ಕಳಕ್ಕೂಟಂ ಶಾಖೆಯವರು. ಗಂಡ ಗಲ್ಫಿನಲ್ಲಿ, ಮಗ ಹತ್ತನೇ ತರಗತಿಯಲ್ಲಿ, ಮನೆಯಲ್ಲಿ ಇವರಿಬ್ಬರೇ. ಹೀಗಿರುವಾಗ ಮೇ ತಿಂಗಳಲ್ಲಿ ವರ್ಗದ ಆರ್ಡರ್ ಬಂದಿದೆ. ರದ್ದು ಮಾಡಿರೆಂದು ಮನವಿ ಕೊಟ್ಟು ಕಾಯುತ್ತಿದ್ದಾರೆ. "ಉತ್ತರ ಬಂತಾ?" ಎಂದು ಕೇಳಿದೆ. "ಬಂತು. ನಿಮ್ಮ ಮನವಿಯನ್ನು ಶಾರ್ಟ್ಲಿ ಪರಿಗಣಿಸಲಾಗುವುದು ಅಂತ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನನಗೂ ಅದೇ ಪದ ಎಂದೆ. ಅವರೂ ನಕ್ಕರು, ಅನ್ನ ನೆತ್ತಿಗೇರಿ ಕೆಮ್ಮುವಷ್ಟು. ತಿಂಗಳುಗಳ ನಂತರ ನನ್ನ ಸಂಕಟ ಪೂರ್ತಿ ಅರ್ಥವಾಗುವವರೊಬ್ಬರು ಸಿಕ್ಕಿದ್ದರು. ನಿಮ್ಮನ್ನು ಎಲ್ಲಿಗೆ ಹಾಕಿದ್ದಾರೆ ಎಂದು ಕೇಳಿದೆ. ಅವರು ನನ್ನ ಶಾಖೆಯ ಹೆಸರು ಹೇಳಿದರು.

ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ನೀವು ಬರಬೇಕಾದ ಕುರ್ಚಿಯಲ್ಲಿ ಈಗ ಕೂತಿರುವವಳು ನಾನೇ ಎಂದೆ. ಅವರ ಕೈ ಡಬ್ಬಿಯೊಳಗೇ ನಿಂತಿತು. ಬರದೇ ಹೋದ ಆ ರಿಲೀವರನ್ನು ನಾನು ದಿನಾ ಬಾಯಿತುಂಬ ಬೈದಿದ್ದೆ, ಮೈಗಳ್ಳರಿರಬೇಕು, ಯಾರದೋ ಶಿಫಾರಸು ಇರಬೇಕು ಎಂದೆಲ್ಲ. ಆ ಮನುಷ್ಯರ ಮನೆಯ ಅನ್ನ ಈಗ ನನ್ನ ಕೈಯಲ್ಲಿತ್ತು. ನನ್ನ ಕೋರಿಕೆಯಿಂದಲೇ ಅವರಿಗೆ ವರ್ಗ ಬಂದದ್ದು, ಅವರೂ ನನ್ನನ್ನು ಬೈದಿರಲೇಬೇಕು. ಇಬ್ಬರೂ ತಲೆ ತಗ್ಗಿಸಿ ಊಟ ಮುಗಿಸಿದೆವು.

ಅಧಿಕಾರಿ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಕಾಸರಗೋಡಿನ ಕನ್ನಡದವರು, ನಿವೃತ್ತಿಯ ಅಂಚಿನಲ್ಲಿದ್ದವರು. ನನ್ನ ಫೈಲು ನೋಡಿದವರೇ ಕನ್ನಡಕ್ಕೆ ತಿರುಗಿದರು.

"ಕೂತ್ಕೊಳ್ಳಿ ಮೇಡಂ. ನಿಮಗೆ ಬರೆದದ್ದೂ ನಾನೇ, ಇವರಿಗೆ ಬರೆದದ್ದೂ ನಾನೇ. ಎಂತ ಮಾಡುದು ಹೇಳಿ."

ನನ್ನ ಸಿಟ್ಟು ನೆತ್ತಿಗೇರಿತು. "ಬಿಡ್ತೀವಿ ಅಂತ ನಂಗೆ ಬರೆದ್ರಿ, ನೋಡೋಣ ಅಂತ ಇವ್ರಿಗೆ ಬರೆದ್ರಿ. ಇಬ್ರಿಗೂ ಶಾರ್ಟ್ಲಿ ಅಂದ್ರೆ ಹೇಗೆ ಸಾರ್? ಒಬ್ರಿಗೆ ಸುಳ್ಳು ಹೇಳಿದ ಹಾಗಲ್ವಾ?"

"ಸುಳ್ಳಲ್ಲ ಮಾರಾಯ್ರೆ. ಇಲ್ಲ ಅಂತ ಬರೆಯಲಿಕ್ಕೆ ನನಗೆ ಅಧಿಕಾರ ಇಲ್ಲ, ಹೌದು ಅಂತ ಬರೆಯಲಿಕ್ಕೂ ಇಲ್ಲ. ತಾರೀಕು ಹಾಕಿದ್ರೆ ನಾಳೆ ಯಾಕೆ ಆಗಲಿಲ್ಲ ಅಂತ ಮೇಲಿನವರು ಕೇಳ್ತಾರೆ. ಶಾರ್ಟ್ಲಿ ಹಾಕಿದ್ರೆ ಯಾರೂ ಎಂತದೂ ಕೇಳುದಿಲ್ಲ." ಅವರು ಮೇಜಿನ ಮೇಲಿನ ಚಹಾದ ಕಪ್ಪನ್ನು ಸರಿಸಿದರು. "ನನ್ನನ್ನು ಮಂಗಳೂರಿಗೆ ಹಾಕ್ತೇವೆ ಅಂತ ನನಗೂ ಒಂದು ಕಾಗದ ಬಂದದ್ದುಂಟು. ಅದರಲ್ಲಿಯೂ ಅದೇ. ಈಗ ರಿಟೈರ್ಮೆಂಟೇ ಬಂತು."

ಆಮೇಲೆ ಅವರು ಇಂಗ್ಲಿಷಿಗೆ ತಿರುಗಿ ಇಬ್ಬರಿಗೂ ವಿಷಯವನ್ನು ನೇರವಾಗಿ ಮುಂದಿಟ್ಟರು. ನಾನು ಹಟ ಹಿಡಿದರೆ ಆ ಹೆಂಗಸಿಗೆ ಇವತ್ತೇ ಹೊರಡಿ ಎಂದು ಬರೆಯಬಹುದು. ಅವರು ಮೆಡಿಕಲ್ ಲೀವ್ ಹಾಕುತ್ತಾರೆ, ಅಲ್ಲಿಗೆ ಅವರೂ ಬರಲಿಲ್ಲ, ನಾನೂ ಹೋಗಲಿಲ್ಲ. ಅದರ ಬದಲು ಇಬ್ಬರೂ ಒಪ್ಪಿ ಒಂದು ತಾರೀಕು ಬರೆದುಕೊಟ್ಟರೆ ಅದಕ್ಕೆ ಮೇಲಿನವರಿಂದ ಸಹಿ ಮಾಡಿಸಿಕೊಡುತ್ತಾರೆ. ಅದು ಗಟ್ಟಿ, ಬದಲಾಗುವುದಿಲ್ಲ.

ನಾನು ಆ ಹೆಂಗಸಿನ ಕಡೆ ನೋಡಿದೆ. ಮಗನ ಪರೀಕ್ಷೆ ಮಾರ್ಚಿಗೆ ಮುಗಿಯುತ್ತದೆ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಾರ್ಚ್ ಎಂದರೆ ನನ್ನ ಮಗಳ ನಾಲ್ಕನೇ ತರಗತಿಯೇ ಮುಗಿದುಹೋಗುತ್ತದೆ. ಮುಂದಿನ ವಾರವೇ ಆಗಬಹುದು ಎಂದು ಪ್ರತಿ ವಾರ ಅಂದುಕೊಂಡೇ ಇಷ್ಟು ದೂರ ಬಂದವಳು, ಆ ಆಸೆಯನ್ನು ಬಿಟ್ಟುಕೊಡಬೇಕಿತ್ತು. ಇನ್ನೊಂದು ಸೋಮವಾರ ಆ ಫೋನ್ ಮಾಡುವ ತ್ರಾಣವೂ ನನ್ನಲ್ಲಿರಲಿಲ್ಲ. "ಮಾರ್ಚ್ ಕೊನೆ ಅಂತಲೇ ಬರೀರಿ ಸಾರ್" ಎಂದೆ. ಇಬ್ಬರೂ ಸಹಿ ಹಾಕಿದೆವು. ಹೊರಗೆ ಬಂದ ಮೇಲೆ ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನನಗೆ ಅವರ ಮೇಲೆ ಮುನಿಸೂ ಇತ್ತು, ಕೈ ಬಿಡಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಮೈಸೂರಿಗೆ ಫೋನ್ ಮಾಡಿದೆ. ಗಂಡ ಎಲ್ಲ ಕೇಳಿಸಿಕೊಂಡು "ಸರಿ, ಒಂದು ತಾರೀಕಾದ್ರೂ ಆಯ್ತಲ್ಲ" ಎಂದು ಮಗಳ ಕೈಗೆ ಕೊಟ್ಟರು. ಏಪ್ರಿಲಿನಲ್ಲಿ ಬಂದುಬಿಡುತ್ತೇನೆ, ಖಂಡಿತ, ಇನ್ನು ಬದಲಾಗುವುದಿಲ್ಲ ಎಂದೆ. ಅಳುತ್ತಾಳೆ ಅಂದುಕೊಂಡು ಸಮಾಧಾನದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ.

ಅವಳು ಈ ನಾಲ್ಕು ತಿಂಗಳಲ್ಲಿ ಕಲಿತ ಮೈಸೂರು ಕನ್ನಡದಲ್ಲಿ, "ಹಾಗಾದ್ರೆ ಅಮ್ಮಾ, ನಿನ್ ಶೆಲ್ಫ್ ನಾನ್ ತಗೊಳ್ಲಾ?" ಎಂದಳು.

"ಯಾವ ಶೆಲ್ಫೇ?"

"ಬೀರೂಲಿ. ಮಧ್ಯದ್ದು. ಅಮ್ಮ ಇನ್ನೇನು ಬಂದ್ಬಿಡ್ತಾಳೆ, ಅಲ್ಲಿ ಯಾರೂ ಏನೂ ಇಡ್ಬಾರ್ದು ಅಂತ ಅಪ್ಪ ಹೇಳಿದ್ರು. ಬಂದಾಗಿಂದ ಖಾಲೀನೇ ಇದೆ. ನನ್ ಬುಕ್ಸೆಲ್ಲ ನೆಲದ ಮೇಲಿದೆ."

"ಇಟ್ಕೋ ಪುಟ್ಟಾ" ಎಂದೆ.

"ಥ್ಯಾಂಕ್ಸ್ ಅಮ್ಮಾ!" ಎಂದವಳೇ ಫೋನನ್ನು ಎಲ್ಲೋ ಇಟ್ಟು ಓಡಿದಳು. ಕಟ್ ಮಾಡಲು ಮರೆತಿದ್ದಳು. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು, ಪುಸ್ತಕಗಳನ್ನು ಒಂದೊಂದಾಗಿ ಒಳಗೆ ಜೋಡಿಸುವ ಸದ್ದು ಕೇಳಿಸಿತು. ವರ್ಕಲ ದಾಟಿ ಸಿಗ್ನಲ್ ಹೋಗುವವರೆಗೂ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.