ನೀರಿನ ಬಾಟಲಿ ಎತ್ತಿ ನೋಡಿದ ಶಾಲೆ

ಬೆಳಗಾವಿಯಲ್ಲಿ ನಮ್ಮ ಕೈಗೆ ಎಟುಕುವ ಫೀ ಇದ್ದದ್ದು ಉದ್ಯಮಬಾಗದ ಹತ್ತಿರದ ಆ ಒಂದೇ ಖಾಸಗಿ ಶಾಲೆಯಲ್ಲಿ. ಮಗಳನ್ನು ಒಂದನೇ ತರಗತಿಗೆ ಸೇರಿಸುವ ಮೊದಲು ನೋಡಿ ಬರಲು ಹೋದೆ. ಹೆಡ್ ಮಾಸ್ತರರು ಕಂಪ್ಯೂಟರ್ ಕೋಣೆ ತೋರಿಸಿದರು, ಗಾಜಿನ ಕಪಾಟಿನ ಪುಸ್ತಕ ತೋರಿಸಿದರು. ಹುಡುಗಿಯರ ಪಾಯಖಾನೆ ತೋರಿಸಿ ಎಂದಾಗ ಮಾತ್ರ ನಕ್ಕುಬಿಟ್ಟರು.

"ಅಲ್ಲೇನ್ ನೋಡೂದೈತ್ರಿ ಅಕ್ಕಾರ? ನೀವೆಷ್ಟು ಕಲ್ತೀರಿ?"

"ಖಾನಾಪುರದಾಗ ಹತ್ತನೇತ್ತಾ ಮಟಾ ರೀ. ದಿನಾ ಸಾಲ್ಯಾಗ ನೀರು ಕುಡೀಲಾರದ ಕಲ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಶಾಲೆ ಬಿಡುವ ಗಂಟೆಯಾಯಿತು. ನಾನು ಗೇಟಿನಲ್ಲಿ ನಿಂತು ಹೊರಬಂದ ಹುಡುಗಿಯರ ನೀರಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಎಲ್ಲವೂ ಬೆಳಿಗ್ಗೆ ತುಂಬಿದಷ್ಟೇ ಭಾರ.

"ಯಾಕವಾ, ನೀರಡಿಕಿ ಆಗಲಿಲ್ಲೇನು?" ಎಂದು ಒಬ್ಬಳನ್ನು ಕೇಳಿದೆ.

"ಕುಡದ್ರ ಪಾಯಖಾನಿಗಿ ಹೋಗಬೇಕಾಗ್ತೈತ್ರಿ ಆಂಟಿ. ಬಾಗಲಕ್ಕ ಚಿಲಕಾ ಇಲ್ಲ, ನಳಕ್ಕ ನೀರಿಲ್ಲ."

ಹೆಡ್ ಮಾಸ್ತರರು ನನ್ನ ಹಿಂದೆಯೇ ಗೇಟಿಗೆ ಬಂದು ನಿಂತಿದ್ದರು.

"ಸೋಮವಾರ ಮತ್ತ ಬರ್ತೀನ್ರಿ ಸರ್. ಬಾಟ್ಲಿ ಖಾಲಿ ಇದ್ರ ನನ್ನ ಮಗಳ ಹೆಸರು ಹಚ್ಚತೀನಿ. ಇಲ್ಲಾಂದ್ರ ನಮ್ಮ ಓಣ್ಯಾಗ ಒಬ್ರೂ ಹಚ್ಚದಂಗ ನೋಡ್ಕೋತೀನಿ" ಎಂದು ಬಂದೆ.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಹೋದಾಗ ಪಾಯಖಾನೆಯ ಬಾಗಿಲಿಗೆ ಹೊಸ ಚಿಲಕ ಬಿದ್ದಿತ್ತು, ನಳದಲ್ಲಿ ನೀರು ಬರುತ್ತಿತ್ತು. ಗೇಟಿನಲ್ಲಿ ಹುಡುಗಿಯರು ನಾನು ಕೇಳುವ ಮೊದಲೇ ಖಾಲಿ ಬಾಟಲಿ ಅಲುಗಾಡಿಸಿ ತೋರಿಸಿದರು. ಅಲ್ಲೇ ಕುಳಿತು ಮಗಳ ಅರ್ಜಿ ತುಂಬಿದೆ.

ಈಗ ಹೊಸ ಪಾಲಕರು ಬಂದರೆ ಹೆಡ್ ಮಾಸ್ತರರು ಮೊದಲು ಪಾಯಖಾನೆಗೇ ಕರೆದೊಯ್ದು ತಾವೇ ನಳ ತಿರುಗಿಸಿ ತೋರಿಸುತ್ತಾರೆ. ಕಂಪ್ಯೂಟರ್ ನೋಡಬೇಕಾದವರು ನೆನಪು ಮಾಡಿ ಕೇಳಬೇಕು.