ಬ್ರೇಕಿಗೆ ಬಿಟ್ಟ ಜಾಗ

ಹಳೆಯ ಕಾರಿನಲ್ಲಿ ಹೈವೇ ಹತ್ತುವವನಿಗೆ ದೊಡ್ಡ ಭಯ ಲಾರಿಗಳದ್ದಲ್ಲ, ಅಭಿಮಾನಿಗಳದ್ದು.

ನನ್ನ ಕಾರಿಗೆ ನನಗಿಂತ ಹೆಚ್ಚು ವಯಸ್ಸು. ಮದುವೆಯ ಫೋಟೋ ತೆಗೆಸಿಕೊಳ್ಳುವವರಿಗೆ ಬಾಡಿಗೆಗೆ ಕೊಡುತ್ತೇನೆ. ಬ್ರೇಕ್ ಒತ್ತಿದರೆ ಅದು ಸ್ವಲ್ಪ ಯೋಚನೆ ಮಾಡಿಯೇ ನಿಲ್ಲುವುದು. ಹಾಗಾಗಿ ಮುಂದಿನ ಗಾಡಿಗೂ ನನಗೂ ನಡುವೆ ಧಾರಾಳ ಜಾಗ ಬಿಡುತ್ತೇನೆ. ಆ ಜಾಗವೇ ನನ್ನ ಅರ್ಧ ಬ್ರೇಕು. ಉಳಿದವರಿಗೆ ಮಾತ್ರ ಅದು ಬಸ್ಸಿನಲ್ಲಿ ಖಾಲಿಯಾದ ಸೀಟಿನ ಹಾಗೆ ಕಾಣುತ್ತದೆ.

ಮೊನ್ನೆ ಬೈಂದೂರಿಗೆ ಹೋಗುವಾಗ ಬಿಳಿ ಕಾರೊಂದು ಪಕ್ಕಕ್ಕೇ ಅಂಟಿಕೊಂಡು ಬಂತು. ಓಡಿಸುತ್ತಿದ್ದವನು ರಸ್ತೆ ಬಿಟ್ಟು ನನ್ನ ಕಾರನ್ನೇ ನೋಡುತ್ತಿದ್ದ. ಆಮೇಲೆ ನಾನು ಬಿಟ್ಟ ಜಾಗಕ್ಕೆ ನುಗ್ಗಿ, ಗಕ್ಕನೆ ನಿಲ್ಲಿಸಿಯೇಬಿಟ್ಟ. ನಾನು ಬ್ರೇಕಿನ ಮೇಲೆ ಎದ್ದೇ ನಿಂತೆ. ಅವನ ಕಾರಿಗೆ ಒಂದು ಗೇಣು ಇದೆ ಎನ್ನುವಾಗ ನನ್ನದು ನಿಂತಿತು.

ಅವನು ಇಳಿದು ನಗುತ್ತ ಬಂದ. "ಹ್ವಾಯ್, ಗಾಡಿ ಭಾರೀ ಲಾಯ್ಕ್ ಇತ್ತ್ ಮರ್ರೆ! ನಮ್ಮಪ್ಪಯ್ಯ ಬೊಂಬಾಯಂಗೆ ಇದ್ನೇ ಟ್ಯಾಕ್ಸಿ ಬಿಡ್ತಿದ್ರ್."

"ಹಾಂಗ್ ಬ್ರೇಕ್ ಹಾಕಿದ್ದ್ ಎಂತಕೆ?" ಎಂದೆ.

"ನಿಮ್ಮನ್ನ್ ನಿಲ್ಸುಕೆ!"

ಅಪ್ಪಯ್ಯನಿಗೆ ಕಳಿಸಲು ಒಂದು ಸೆಲ್ಫಿ ತೆಗೆದ. ಆಮೇಲೆ ಕಾರಿನೊಳಗೆ ಇಣುಕಿ, ಸೀಟ್ ಬೆಲ್ಟ್ ಇಲ್ಲದ್ದು ಕಂಡು ಮುಖ ಗಂಭೀರ ಮಾಡಿದ. "ಈಗಿನ ರೋಡಂಗೆ ಇದನ್ನ್ ಬಿಡುದ್ ಡೇಂಜರ್ ಮರ್ರೆ. ಜನ ಹ್ಯಾಂಗ್ ಹ್ಯಾಂಗೋ ಬತ್ರ್."

ಇಷ್ಟು ಬುದ್ಧಿ ಹೇಳಿ ಹೊರಟ. ನಾನು ಮತ್ತೆ ಧಾರಾಳ ಜಾಗ ಬಿಟ್ಟು ಹಿಂದೆ ಹೊರಟೆ. ಸ್ವಲ್ಪ ದೂರ ಹೋದವನು, ಕೈ ಹೊರಗೆ ಹಾಕಿ ಟಾಟಾ ಮಾಡಲೆಂದು ಮತ್ತೊಮ್ಮೆ ಬ್ರೇಕ್ ಹಾಕಿದ.