ಬೈಲಿಗೆ ಬೇಡವಾದ ಬದನೆ

ನಮ್ಮ ಪಂಚಾಯತಿ ಬದನೆ ಗಿಡದ ಮೇಲೆ ಕಾನೂನು ಮಾಡಲು ಹೊರಟಾಗ ನಾನು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೆ. ಎಂಬತ್ತರ ದಶಕದ ಮೊದಲ ಭಾಗ. ಮಣಿಪಾಲದ ಚರ್ಚಾ ಸ್ಪರ್ಧೆಯಲ್ಲಿ ಗೆದ್ದ ಕಪ್ ಇನ್ನೂ ಹೊಳೆಯುತ್ತಿತ್ತು. ಯಾರಾದರೂ ‘ಹಿಂದಿನಿಂದಲೂ ಹೀಗೆಯೇ’ ಎಂದರೆ ‘ಎಷ್ಟು ಹಿಂದಿನಿಂದ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಕಟಪಾಡಿಯಿಂದ ಕಡಲಿನ ಕಡೆಗೆ ಹೋದರೆ ಸಿಗುವ ಊರು ನಮ್ಮದು. ಮಳೆಗಾಲದ ಭತ್ತ ಕೊಯ್ದ ಮೇಲೆ ಬೈಲಿನ ಗದ್ದೆಗಳಲ್ಲೆಲ್ಲ ಗುಳ್ಳ: ದುಂಡಗಿನ, ತಿಳಿ ಹಸಿರಿನ, ತೆಳು ಸಿಪ್ಪೆಯ ಬದನೆ. ಬೇರೆ ಬದನೆಯನ್ನು ಯಾರೂ ಹಾಕುತ್ತಿರಲಿಲ್ಲ. ಹಿಂದಿನ ವರ್ಷ ನಮ್ಮ ಗದ್ದೆಗೆ ಸೊರಗು ರೋಗ ಬಂದಿತ್ತು. ಬೆಳಿಗ್ಗೆ ನೆಟ್ಟಗಿದ್ದ ಗಿಡ ಸಂಜೆಗೆ ಜೋತು ಬೀಳುತ್ತಿತ್ತು. ಹಾಗಾಗಿ ಅಪ್ಪ ಈ ಸಲ ಕಾರ್ಕಳದ ಮಾವ ತಂದುಕೊಟ್ಟ ಕಂಪೆನಿ ಬೀಜ ಹಾಕಿದರು. ಹೈಬ್ರಿಡ್. ಬೀಜಕ್ಕೆಂದು ಬದುವಿನ ಪಕ್ಕ ಎರಡು ಸಾಲು ಮಾತ್ರ ಗುಳ್ಳ. ಹೈಬ್ರಿಡ್ ಗಿಡಗಳು ಗಟ್ಟಿಯಾಗಿ ಎದ್ದವು. ಮೊಗ್ಗು ಬಂದ ವಾರವೇ ಪಂಚಾಯತಿಯಿಂದ ಕರೆ ಬಂತು. ಬೈಲಿನಲ್ಲಿ ಗುಳ್ಳ ಬಿಟ್ಟು ಬೇರೆ ಬದನೆ ಬೆಳೆಯಬಾರದೆಂದು ಠರಾವು ಮಾಡುತ್ತಾರಂತೆ. ಪಾಸಾದರೆ ಹೂ ಅರಳುವ ಮೊದಲೇ ನಾವು ಗಿಡ ಕೀಳಬೇಕು. ಮುಂದಿನ ಮಳೆಗಾಲದವರೆಗೆ ನಮಗಿದ್ದದ್ದು ಅದೊಂದೇ ಬೆಳೆ.

“ಸಭೆಯಲ್ಲಿ ನಾನು ಮಾತಾಡ್ತೇನೆ,” ಎಂದೆ. ಅಪ್ಪ ಬೇಡ ಅನ್ನಲಿಲ್ಲ.

ತುಳು, ಕೊಂಕಣಿ, ಬ್ಯಾರಿ ಮಾತಾಡುವವರೆಲ್ಲ ಸೇರಿದ್ದರಿಂದ ಸಭೆ ಕನ್ನಡದಲ್ಲಿ ನಡೆಯಿತು. ಪರಭಾಷೆಯಾದ್ದಕ್ಕೋ ಏನೋ, ಜಗಳಕ್ಕೂ ಇಸ್ತ್ರಿ ಹಾಕಿದಂತಿತ್ತು. ಚೇರ್ಮನ್ನರು ಠರಾವು ಓದಿ ಮುಗಿಸಿದ ಕೂಡಲೇ ನಾನು ಎದ್ದೆ.

“ಯಾವ ಸೆಕ್ಷನ್ ಪ್ರಕಾರ?”

“ಎಂತ ಸೆಕ್ಷನ್?”

“ನಮ್ಮ ಗದ್ದೆಯಲ್ಲಿ ಎಂತ ನೆಡಬೇಕು ಅಂತ ಹೇಳುವ ಅಧಿಕಾರ ಪಂಚಾಯತಿಗೆ ಉಂಟು ಅಂತ ಎಲ್ಲಿ ಬರೆದಿದ್ದಾರೆ?”

ಚೇರ್ಮನ್ನರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಫ್ಯಾನ್ ನೋಡಿದರು.

“ಇದು ಕಾಲೇಜಿನ ಸ್ಪರ್ಧೆ ಅಲ್ಲ ಮಾರಾಯ್ತಿ, ಇಲ್ಲಿ ಬೆಲ್ ಹೊಡೆಯುವವರಿಲ್ಲ,” ಎಂದು ಹಿಂದಿನಿಂದ ಯಾರೋ ಅಂದರು.

“ಅದಕ್ಕೇ ನಾನು ನಿಲ್ಲಿಸುವುದಿಲ್ಲ,” ಎಂದೆ.

ಗುಳ್ಳವನ್ನು ಕಾಪುವಿಗೆ ಒಯ್ದು ಮಾರುತ್ತಿದ್ದ ಬ್ಯಾರಿ ಕಾಕ ಬೆಂಚಿನಲ್ಲಿ ಮುಂದಕ್ಕೆ ಸರಿದರು. “ಅಲ್ಲ ಮಗಳೇ, ಗುಳ್ಳ ಅಂತ ಕೂಗಿ ಮಾರುವುದು ನಾನು. ಕೊಂಡವರು ಮನೆಗೆ ಹೋಗಿ ಸಾಂಬಾರಿಗೆ ಹಾಕುವಾಗ ಕಹಿ ಬಂದರೆ ಬೈಗಳು ತಿನ್ನುವುದು ಯಾರು? ನಿನ್ನ ಸೆಕ್ಷನ್ನಾ?”

“ನಮ್ಮದನ್ನು ಗುಳ್ಳ ಅಂತ ಕೂಗಬೇಡಿ ಕಾಕ. ಬರೀ ಬದನೆ ಅಂತ ಕೂಗಿ.”

“ಆದರೆ ಜೇನುನೊಣ ಆ ಹೂವಿನಿಂದ ಈ ಹೂವಿಗೆ ಹೋಗ್ತದಲ್ಲ?” ಎಂದರು ಚೇರ್ಮನ್ನರು. “ಗುಳ್ಳದ ಬೀಜ ಕೆಡ್ತದೆ.”

“ನೊಣಕ್ಕೆ ಪಂಚಾಯತಿಯ ಗಡಿ ಗೊತ್ತುಂಟಾ? ಹೊಳೆಯ ಆಚೆ ಉದ್ಯಾವರದಲ್ಲಿ ಯಾರು ಬೇಕಾದರೂ ಯಾವ ಬದನೆಯನ್ನಾದರೂ ನೆಡಬಹುದು. ಅಲ್ಲಿಂದ ಬರುವ ನೊಣಕ್ಕೂ ನೋಟೀಸು ಕೊಡ್ತೀರಾ?”

ಎಲ್ಲರ ಜೊತೆ ಚೇರ್ಮನ್ನರೂ ನಕ್ಕರು. ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿದರು. ಗಿಡ ಉಳಿಯಿತು ಅನ್ನಿಸಿತು.

ಆಗ ನಮ್ಮ ಪಕ್ಕದ ಗದ್ದೆಯ ಕ್ರಿಶ್ಚಿಯನ್ ಯಜಮಾನರು, ಊರವರ ಬಾಯಲ್ಲಿ ‘ಪೊರ್ಬುಗಳು’, ಇಗರ್ಜಿಯಲ್ಲಿ ಪ್ರಾರ್ಥನೆಗೆ ನಿಲ್ಲುವ ಹಾಗೆ ಕೈಕಟ್ಟಿಕೊಂಡು ಎದ್ದರು.

“ನನ್ನದು ಒಂದೇ ಪ್ರಶ್ನೆ. ಬರುವ ವರ್ಷಕ್ಕೆ ನಿಮ್ಮ ಗದ್ದೆಯ ಗುಳ್ಳದ ಬೀಜ ನನಗೆ ಕೊಡ್ತೀರಾ?”

ನಮ್ಮ ಬೈಲಿನಲ್ಲಿ ಯಾರೂ ತಮ್ಮ ಗದ್ದೆಯ ಗುಳ್ಳದ ಬೀಜವನ್ನು ತಾವೇ ಬಿತ್ತುವುದಿಲ್ಲ. ಪ್ರತಿ ಮನೆಯೂ ಪಕ್ಕದ ಮನೆಗಾಗಿ ಬೀಜ ಮಾಡುತ್ತದೆ. ಹಣ್ಣಾಗಲು ಬಿಟ್ಟ ಕಾಯಿಗೆ, ಯಾರೂ ಕೀಳದಂತೆ, ಸುಣ್ಣದ ಬೊಟ್ಟು ಇಡುತ್ತಾರೆ. ನಮ್ಮದು ಪೊರ್ಬುಗಳಿಗೆ, ನಮಗೆ ಬರುವುದು ಬಡಗು ಮನೆಯಿಂದ. ಯಾಕೆ ಎಂದರೆ ‘ಹಾಗೆಯೇ’. ಆ ‘ಹಾಗೆಯೇ’ಯೊಂದಿಗೆ ನಾನು ಎಷ್ಟೋ ಸಲ ಜಗಳವಾಡಿದ್ದೆ. ಈಗ ಅದೇ ಎದ್ದು ನಿಂತು ನನಗೆ ಪಾಟೀಸವಾಲು ಹಾಕುತ್ತಿತ್ತು.

“ನೀವು ಕೊಟ್ಟರೆ ನಾನು ನೆಡ್ತೇನೆ,” ಎಂದರು ಪೊರ್ಬುಗಳು. “ಏನೂ ಕೆಡುವುದಿಲ್ಲ ಅಂತ ನೀನೇ ಹೇಳುವುದಲ್ವಾ?”

ಕೊಡುತ್ತೇವೆ ಎಂದರೆ ಸಭೆ ನಮ್ಮದು. ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಬಳಿಯಿದ್ದ ಅಪ್ಪ ಕುಳಿತಲ್ಲಿಂದಲೇ, “ಇಲ್ಲ ಪೊರ್ಬುಗಳೇ, ಕೊಡುವುದಿಲ್ಲ,” ಎಂದರು.

ಕಾರ್ಯದರ್ಶಿ ಮತ್ತೆ ಪೆನ್ನಿನ ಮುಚ್ಚಳ ತೆಗೆದರು.

ನನಗೆ ಮೈ ಉರಿಯಿತು. ಆದರೂ ಕೂರಲಿಲ್ಲ. “ಬರೆಯುವುದಾದರೆ ಪೂರ್ತಿ ಬರೆಯಿರಿ. ಗಿಡ ಕಿತ್ತ ಮೇಲೆ ನಮಗೆ ಸಸಿ ಎಲ್ಲಿಂದ? ಕೀಳಿಸುವ ಊರೇ ಕೊಡಬೇಕು. ಇಲ್ಲದಿದ್ದರೆ ನಾನು ಉಡುಪಿಯ ಕೋರ್ಟಿಗೆ ಹೋಗ್ತೇನೆ. ಸೆಕ್ಷನ್ ಇಲ್ಲ ಅಂತ ನಿಮಗೂ ಗೊತ್ತುಂಟು.”

“ಯಾ ಅಲ್ಲಾ, ಇವಳನ್ನು ಕಟ್ಟಿಕೊಳ್ಳುವವನ ಗತಿ!” ಎಂದರು ಕಾಕ. ಚೇರ್ಮನ್ನರು ನಗದೆ, ಪಾಸಾದ ಠರಾವಿನ ಕೆಳಗೆ ಮನೆಮನೆಯಿಂದ ಗುಳ್ಳದ ಸಸಿ ಕೊಡಬೇಕೆಂದು ಬರೆಸಿದರು.

ಮರುದಿನ ಬೆಳಿಗ್ಗೆ ಗಿಡ ಕೀಳತೊಡಗಿದೆವು. ಬೇರು ಆಳಕ್ಕೆ ಇಳಿದಿತ್ತು. ಎರಡು ಕೈಯಲ್ಲಿ ಹಿಡಿದು ಎಳೆಯಬೇಕಾಗಿತ್ತು. ಅರ್ಧ ಸಾಲಿನವರೆಗೆ ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟೆ.

“ಕೊಡ್ತೇವೆ ಅನ್ನಬಹುದಿತ್ತಲ್ಲ ಅಪ್ಪ? ಪೊರ್ಬುಗಳು ಸುಮ್ಮನೆ ಪರೀಕ್ಷೆ ಮಾಡಿದ್ದು.”

“ಪರೀಕ್ಷೆ ಅಲ್ಲ,” ಅಪ್ಪ ತಲೆ ಎತ್ತಲಿಲ್ಲ. “ಅವರು ನೆಡ್ತಿದ್ದರು.”

ಆ ಠರಾವಿಗೆ ಕಾನೂನಿನ ಬಲವಿರಲಿಲ್ಲ ಎಂದು ಈಗ ಕೇಳಿದರೂ ವಾದಿಸುತ್ತೇನೆ. ಬೀಜ ಕೆಡುತ್ತಿತ್ತೇ ಎಂದು ಯಾರೂ ಪರೀಕ್ಷಿಸಿ ನೋಡಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಪೊರ್ಬುಗಳ ಗದ್ದೆಗೆ ಹಾಕಲು ಅವರು ತಯಾರಿರಲಿಲ್ಲ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸಸಿಗಳು ಬರತೊಡಗಿದವು, ಬಾಳೆಲೆಯಲ್ಲಿ ಸುತ್ತಿ. ಕೆಲವು ಚೆನ್ನಾಗಿದ್ದವು, ಕೆಲವು ಬಿಸಾಡಲು ಇಟ್ಟಂಥವು. “ಇದನ್ನು ನೆಡುವುದಾ?” ಎಂದು ಬಾಡಿದ್ದೊಂದನ್ನು ಎತ್ತಿ ಹಿಡಿದೆ. ಕೊಟ್ಟವರ ಮನೆಗೇ ಹೋಗಿ ಜಗಳವಾಡುವ ಉದ್ದೇಶವಿತ್ತು. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟು, ಇನ್ನೊಂದು ಕೊಡೆಂದು ಕೈ ಚಾಚಿದರು.